ಟೇಪ್ ಕಪ್ಪಾಗಿತ್ತು, ಒಳಗಿನ ಪಟ್ಟಿ ಬದಲಾಗಿರಲಿಲ್ಲ: ಸ್ಪೆಕ್ಯುಲಮ್ ಆಟೋಕ್ಲೇವ್‌ನಲ್ಲಿ ದೋಷ ಹುಡುಕುವುದು ಹೇಗೆ

ಶಿಬಿರದ ದಿನ, ಬೆಳಿಗ್ಗೆ ಎಂಟೂವರೆ. ಹೊರಗೆ ಬೆಂಚಿನ ಮೇಲೆ ಆಗಲೇ ಹನ್ನೆರಡು ಜನ ಹೆಂಗಸರು ಕೂತಿದ್ದರು. ಆಶಾ ಅಕ್ಕಂದಿರು ಹಳ್ಳಿಯಿಂದ ಕರೆದುಕೊಂಡು ಬಂದವರು. 30 ವರ್ಷ ದಾಟಿದವರಿಗೆ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಇತ್ತು. ಅದಕ್ಕೆ ಬೇಕಾಗುವುದು ಸ್ಪೆಕ್ಯುಲಮ್, ಯೋನಿಯನ್ನು ಅಗಲಿಸಿ ಹಿಡಿದು ಒಳಗೆ ನೋಡುವ ಉಪಕರಣ. ಅವನ್ನು ತುಂಬಿ ಹಿಂದಿನ ಸಂಜೆ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರ) ಮಾಡಿಟ್ಟಿದ್ದ ಡ್ರಮ್ ತೆಗೆದೆ. ಹೊರಗಿನ ಟೇಪಿನ ಗೆರೆಗಳು ಕಪ್ಪಾಗಿದ್ದವು. ಸರಿ ಅಂತ ಮುಚ್ಚಳ ತೆಗೆದು ನಡುವಿನ ಪ್ಯಾಕ್ ಬಿಚ್ಚಿದೆ. ಅದರೊಳಗೆ ಇಟ್ಟಿದ್ದ ಇಂಡಿಕೇಟರ್ ಪಟ್ಟಿಯ ಬಣ್ಣ ಬದಲಾಗಿರಲೇ ಇಲ್ಲ. ಹೊಸದಾಗಿ ಪೊಟ್ಟಣದಿಂದ ತೆಗೆದಂತೆ ಇತ್ತು.

"ಸಿಸ್ಟರ್, ಟೇಪ್ ಕಪ್ಪಾಗಿದೆಯಲ್ಲಾ, ಇನ್ನೇನು?" ಅಂದಳು ಜೊತೆಗಿದ್ದ ಹುಡುಗಿ. ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು ಅವಳಿಗೆ. ಅವಳ ಪ್ರಶ್ನೆಯಲ್ಲಿ ತಪ್ಪಿಲ್ಲ. ನಮ್ಮಲ್ಲಿ ಎಷ್ಟೋ ಜನ ವರ್ಷಗಟ್ಟಲೆ ಹೊರಗಿನ ಟೇಪ್ ನೋಡಿಯೇ ಡ್ರಮ್ ಬಳಸುತ್ತೇವೆ. ಆ ಟೇಪ್ ಹೇಳುವುದು ಒಂದೇ ಮಾತು: ಈ ಡ್ರಮ್ ಬಿಸಿ ಹಬೆ ಕಂಡಿದೆ. ಆ ಹಬೆ ಒಳಗೆ ಹೋಯಿತೋ ಇಲ್ಲವೋ ಅಂತ ಅದು ಹೇಳುವುದಿಲ್ಲ. ಅದಕ್ಕೆ ಉತ್ತರ ಇರುವುದು ಪ್ಯಾಕಿನ ಹೊಟ್ಟೆಯೊಳಗಿನ ಪಟ್ಟಿಯಲ್ಲಿ.

ಲೇಬರ್ ರೂಮ್, ಒಪಿಡಿ, ವಂಕಿ (ಕಾಪರ್-ಟಿ) ಹಾಕುವ ಕೋಣೆ, ತಪಾಸಣಾ ಶಿಬಿರ ಇಲ್ಲೆಲ್ಲ ಕೆಲಸ ಮಾಡುವ ಸಿಸ್ಟರ್‌ಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪಟ್ಟಿ ಬದಲಾಗದಿದ್ದರೆ, ಪ್ಯಾಕ್ ಒದ್ದೆ ಬಂದರೆ, ಸ್ಪೆಕ್ಯುಲಮ್ ಮೇಲೆ ಕಲೆ ಕಂಡರೆ ಎಲ್ಲಿಂದ ಹುಡುಕಲು ಶುರು ಮಾಡಬೇಕು ಅನ್ನುವುದು ವಿಷಯ.

ಹುಡುಕುವ ಮೊದಲು

ಆ ಲೋಡ್ ಪೂರ್ತಿ ಪಕ್ಕಕ್ಕೆ ಇಡಿ. ಒಂದು ಪ್ಯಾಕಿನ ಪಟ್ಟಿ ಬದಲಾಗಿಲ್ಲ ಅಂದರೆ ಅದೇ ಸಲ ಒಳಗಿದ್ದ ಎಲ್ಲ ಪ್ಯಾಕೂ ಅನುಮಾನದ್ದೇ. "ಮೇಲಿನವು ಆಗಿರಬಹುದು" ಅಂತ ಆರಿಸಿ ಬಳಸಬೇಡಿ. ಡ್ರಮ್ ಮೇಲೆ "ಬಳಸಬಾರದು" ಅಂತ ಚೀಟಿ ಅಂಟಿಸಿ. ಶಿಫ್ಟ್ ಬದಲಾದಾಗ ಬರುವವರಿಗೆ ನಿಮ್ಮ ಮನಸ್ಸಿನಲ್ಲಿ ಇರುವುದು ಗೊತ್ತಾಗುವುದಿಲ್ಲ ಅಲ್ವಾ.

ಯಾವ ಉಪಕರಣಕ್ಕೆ ಎಷ್ಟು ಶುದ್ಧತೆ ಬೇಕು ಅನ್ನುವುದೂ ತಲೆಯಲ್ಲಿರಲಿ. ಅಮೆರಿಕದ ಸ್ಪಾಲ್ಡಿಂಗ್ ಅನ್ನುವವರು ಮಾಡಿದ ವಿಂಗಡಣೆಯನ್ನೇ ಜಗತ್ತೆಲ್ಲ ಇವತ್ತಿಗೂ ಅನುಸರಿಸುತ್ತದೆ. ಗರ್ಭಕೋಶದ ಒಳಗೆ ಹೋಗುವ ಯುಟೆರೈನ್ ಸೌಂಡ್, ಗರ್ಭಕೊರಳನ್ನು ಚುಚ್ಚಿ ಹಿಡಿಯುವ ವಾಲ್ಸೆಲಮ್, ಹೆರಿಗೆಯ ಕತ್ತರಿ ಇವು ಸ್ಟೆರೈಲ್, ಅಂದರೆ ಯಾವ ಕ್ರಿಮಿಯೂ ಉಳಿಯದಂತೆ ಆಗಿರಲೇಬೇಕು. ಸ್ಪೆಕ್ಯುಲಮ್ ಮುಟ್ಟುವುದು ಯೋನಿಯ ತೆಳು ಪೊರೆಯನ್ನು. ಅದಕ್ಕೆ ಕನಿಷ್ಠ ಉನ್ನತ ಮಟ್ಟದ ಸೋಂಕು ನಿವಾರಣೆ (ಬೀಜಾಣು ಬಿಟ್ಟು ಉಳಿದ ಕ್ರಿಮಿಗಳೆಲ್ಲ ಸಾಯುವಂಥದ್ದು) ಬೇಕು, ಆಟೋಕ್ಲೇವ್ ಇದ್ದರೆ ಆಟೋಕ್ಲೇವೇ ಆಗಬೇಕು. ಬಿಪಿ ಪಟ್ಟಿ, ಪರೀಕ್ಷೆಯ ಮಂಚ ಇವು ಬರಿ ಚರ್ಮಕ್ಕೆ ತಾಗುವಂಥವು, ಚೆನ್ನಾಗಿ ಒರೆಸಿದರೆ ಸಾಕು.

ಹೊರಗೆ ಕಪ್ಪು, ಒಳಗೆ ಹಾಗೇ

ಎಲ್ಲಕ್ಕಿಂತ ಜಾಸ್ತಿ ಕಾಣುವ ದೋಷ ಇದು. ಎಲ್ಲಕ್ಕಿಂತ ಅಪಾಯದ್ದೂ ಇದೇ, ಯಾಕೆಂದರೆ ನೋಡುವುದಕ್ಕೆ ಎಲ್ಲ ಸರಿಯಾಗಿರುತ್ತದೆ. ಹತ್ತರಲ್ಲಿ ಒಂಬತ್ತು ಸಲ ಇದರ ಹಿಂದೆ ಇರುವುದು ಗಾಳಿ ಅಂತ ನನ್ನ ಅನುಭವ.

ಆಟೋಕ್ಲೇವ್ ದೊಡ್ಡ ಕುಕ್ಕರ್ ಇದ್ದ ಹಾಗೆ. ಕ್ರಿಮಿ ಕೊಲ್ಲುವುದು ಒತ್ತಡವಲ್ಲ, ಹಬೆಯ ಬಿಸಿ. ಒಳಗೆ ಬರಿ ಹಬೆ ಇದ್ದರೆ 15 ಪೌಂಡ್ ಒತ್ತಡಕ್ಕೆ 121 ಡಿಗ್ರಿ ಬರುತ್ತದೆ. ಅರ್ಧ ಗಾಳಿ ಒಳಗೇ ಉಳಿದರೆ ಅದೇ 15 ಪೌಂಡಿಗೆ ಸಿಗುವುದು ಸುಮಾರು 112 ಡಿಗ್ರಿ. ಗಾಳಿ ಸ್ವಲ್ಪವೂ ಹೊರಗೆ ಹೋಗದಿದ್ದರೆ 100 ಡಿಗ್ರಿ ಅಷ್ಟೇ. ಗೇಜ್ ಮುಳ್ಳು ಮಾತ್ರ ಮೂರೂ ಸಲ 15ರ ಮೇಲೇ ನಿಂತಿರುತ್ತದೆ. ಅದಕ್ಕೇ ನಾನು ಗೇಜ್ ಒಂದನ್ನೇ ನಂಬುವುದಿಲ್ಲ. ಥರ್ಮಾಮೀಟರ್ ಇರುವ ಯಂತ್ರವಾದರೆ ಎರಡನ್ನೂ ಒಟ್ಟಿಗೆ ಓದಿ. ಒತ್ತಡ ಬಂದು ಡಿಗ್ರಿ ಬಾರದಿದ್ದರೆ ಒಳಗೆ ಗಾಳಿ ಇದೆ ಅಂತಲೇ ಲೆಕ್ಕ.

ಗಾಳಿ ಎಲ್ಲಿ ಸಿಕ್ಕಿಕೊಂಡಿದೆ ಅಂತ ಹೊರಗಿನಿಂದ ಒಳಗೆ ಹುಡುಕುತ್ತಾ ಹೋಗಿ.

ಮೊದಲು ಹಬೆ ಬಿಡುವ ಕಾಕ್. ನೆಟ್ಟಗೆ ನಿಲ್ಲುವ ಹಳೇ ಆಟೋಕ್ಲೇವ್‌ಗಳಲ್ಲಿ ಇದನ್ನು ಕೈಯಿಂದಲೇ ಮುಚ್ಚಬೇಕು. ನೀರು ಕಾದಾಗ ಮೊದಲು ಬರುವುದು ಗಾಳಿ ಬೆರೆತ ಹಬೆ, ಬಿಟ್ಟು ಬಿಟ್ಟು ಬುಸ್ ಅನ್ನುತ್ತದೆ. ಆಮೇಲೆ ಒಂದೇ ಸಮನೆ ಬರತೊಡಗುತ್ತದೆ. ಹಾಗೆ ಬರುವುದಕ್ಕೆ ಶುರುವಾದ ಮೇಲೂ ಐದು ನಿಮಿಷ ಬಿಟ್ಟು ಕಾಕ್ ಮುಚ್ಚಿ. ಗಡಿಬಿಡಿಯಲ್ಲಿ ಮೊದಲ ಬುಸ್‌ಗೇ ಮುಚ್ಚುವವರು ಬಹಳ. ನಾನೂ ಮುಚ್ಚಿದ್ದೇನೆ, ಯಾಕೆ ಕಾಯಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ಆಮೇಲೆ ಗ್ಯಾಸ್ಕೆಟ್. ಮುಚ್ಚಳದ ಸುತ್ತ ಹಬೆ ಸೋರಿ ನೀರು ಜಿನುಗುತ್ತಿದ್ದರೆ ರಬ್ಬರ್ ಗಟ್ಟಿಯಾಗಿದೆ, ಇಲ್ಲವೇ ಸೀಳಿದೆ. ಆರಿದ ಮೇಲೆ ತೆಗೆದು ಬಗ್ಗಿಸಿ ನೋಡಿ. ಬಗ್ಗಿಸಿದ ಜಾಗದಲ್ಲಿ ಸಣ್ಣ ಬಿರುಕು ಬಾಯಿ ಬಿಟ್ಟರೆ ಬದಲಾಯಿಸುವ ಕಾಲ ಬಂತು. ಒಂದು ಗ್ಯಾಸ್ಕೆಟ್ ಬೀರುವಿನಲ್ಲಿ ಯಾವಾಗಲೂ ಹೆಚ್ಚಿಗೆ ಇರಲಿ.

ಮೂರನೆಯದು ಡ್ರಮ್ಮಿನ ಕಿಟಕಿ. ಡ್ರಮ್ಮಿನ ಪಕ್ಕದಲ್ಲಿ ತೂತುಗಳಿರುತ್ತವೆ, ಅದರ ಮೇಲೆ ಜಾರುವ ಪಟ್ಟಿ. ಆಟೋಕ್ಲೇವ್‌ಗೆ ಇಡುವಾಗ ತೂತು ಪೂರ್ತಿ ತೆರೆದಿರಬೇಕು. ಹೊರಗೆ ತೆಗೆದ ಕೂಡಲೇ ಮುಚ್ಚಬೇಕು. ಮುಚ್ಚಿಯೇ ಒಳಗಿಟ್ಟರೆ ಹಬೆ ಹೊರಗೇ ನಿಂತುಬಿಡುತ್ತದೆ.

ನಾಲ್ಕನೆಯದು ತುಂಬಿದ ರೀತಿ. ಕೈ ಬೆರಳು ಪ್ಯಾಕುಗಳ ನಡುವೆ ಸಲೀಸಾಗಿ ಹೋಗಬೇಕು. ಟವೆಲ್ಲು, ಗೌನು ಒತ್ತಿ ತುಂಬಿ, ಅದರ ನಡುವೆ ಸ್ಪೆಕ್ಯುಲಮ್ ತುರುಕಿದರೆ ನಡುವಿನದಕ್ಕೆ ಹಬೆ ತಲುಪುವುದಿಲ್ಲ. ಕಸ್ಕೋ ಸ್ಪೆಕ್ಯುಲಮ್ಮಿನ ಎರಡು ಎಲೆಗಳನ್ನು ಬಿಡಿಸಿ, ಸ್ಕ್ರೂ ಸಡಿಲ ಮಾಡಿ ಇಡಿ. ಮುಚ್ಚಿಟ್ಟರೆ ಎರಡು ಎಲೆ ಸೇರುವ ಜಾಗ, ಕೀಲು ಇವೆರಡರಲ್ಲೂ ಗಾಳಿ ಕೂರುತ್ತದೆ. ಹೆಂಗಸಿನ ಮೈಗೆ ತಾಗುವುದು ಆ ಎಲೆಗಳೇ ತಾನೇ. ಬಟ್ಟಲುಗಳನ್ನು ಮಗ್ಗುಲಾಗಿ ಇಡಿ. ನೇರ ಇಟ್ಟರೆ ತಳದಲ್ಲಿ ಗಾಳಿ ನಿಲ್ಲುತ್ತದೆ, ನೀರೂ ನಿಲ್ಲುತ್ತದೆ.

ಇದಿಷ್ಟೂ ಸರಿಯಿದ್ದರೆ ಸಮಯ ನೋಡಿ. ಬಿಚ್ಚಿಟ್ಟ ಉಪಕರಣಕ್ಕೆ 121 ಡಿಗ್ರಿಯಲ್ಲಿ 20 ನಿಮಿಷ, ಬಟ್ಟೆ ಸುತ್ತಿದ್ದಕ್ಕೆ 30 ನಿಮಿಷ. ಎಣಿಕೆ ಶುರುವಾಗುವುದು ಸ್ವಿಚ್ ಹಾಕಿದಾಗ ಅಲ್ಲ, ಡಿಗ್ರಿ ಬಂದಾಗ. ನಡುವೆ ಕರೆಂಟ್ ಹೋಯಿತು ಅನ್ನಿ, ಮತ್ತೆ ಬಂದ ಮೇಲೆ ಮೊದಲಿನಿಂದ ಎಣಿಸಬೇಕು. ಮುಂಚೆ 18 ನಿಮಿಷ ಆಗಿತ್ತು, ಇನ್ನು 12 ಸಾಕು ಅಂತ ಕೂಡಿಸುವ ಹಾಗಿಲ್ಲ. ಯಾರೂ ಯಂತ್ರದ ಹತ್ತಿರ ಇಲ್ಲದಾಗ ಕರೆಂಟ್ ಹೋಗಿ ಬಂದರೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಶುರುವಾದ ಹೊತ್ತು, ಮುಗಿದ ಹೊತ್ತು, ಗೇಜ್ ಎಷ್ಟು ತೋರಿಸಿತು ಇಷ್ಟನ್ನೂ ರಿಜಿಸ್ಟರ್‌ನಲ್ಲಿ ಆಗಾಗಲೇ ಬರೆಯಿರಿ. ಸಂಜೆ ಕೂತು ನೆನಪಿನಿಂದ ತುಂಬಿದ ರಿಜಿಸ್ಟರ್ ದೋಷ ಹುಡುಕುವಾಗ ಕೆಲಸಕ್ಕೆ ಬರುವುದಿಲ್ಲ.

ಘಟ್ಟದ ಮೇಲಿನವರಿಗೆ ಒಂದು ಮಾತು

ನಮ್ಮ ತರಬೇತಿಗಳಲ್ಲಿ ಇದನ್ನು ಅಷ್ಟಾಗಿ ಹೇಳುವುದಿಲ್ಲ. ಗೇಜ್ ತೋರಿಸುವುದು ಹೊರಗಿನ ಗಾಳಿಯ ಒತ್ತಡಕ್ಕಿಂತ ಒಳಗೆ ಎಷ್ಟು ಜಾಸ್ತಿ ಇದೆ ಅನ್ನುವುದನ್ನು. ಮಂಗಳೂರಿನಂಥ ಕಡಲ ತೀರದಲ್ಲಿ 15 ಪೌಂಡ್ ಅಂದರೆ 121 ಡಿಗ್ರಿ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಗೇಜ್ 15 ತೋರಿಸಿದಾಗ ಒಳಗಿರುವುದು ಸುಮಾರು 119 ಡಿಗ್ರಿ. 121 ಮುಟ್ಟಬೇಕಾದರೆ ಇನ್ನೂ ಒಂದೂವರೆ ಪೌಂಡ್ ಬೇಕು. ಮಡಿಕೇರಿಗೆ ಹೋದರೆ ಇನ್ನೂ ಸ್ವಲ್ಪ ಜಾಸ್ತಿ.

ಎರಡು ಡಿಗ್ರಿ ಏನು ಮಹಾ ಅನಿಸಬಹುದು. ಡಿಗ್ರಿ ಇಳಿದಂತೆ ಅದೇ ಕೆಲಸಕ್ಕೆ ಬೇಕಾಗುವ ಸಮಯ ಬೇಗ ಬೇಗ ಏರುತ್ತದೆ. ಎರಡು ಡಿಗ್ರಿಗೇ ಸಮಯ ಹತ್ತಿರ ಹತ್ತಿರ ಒಂದೂವರೆ ಪಟ್ಟಾಗುತ್ತದೆ. ಎತ್ತರದ ಊರಿನಲ್ಲಿ ಗೇಜ್ ಬಿಟ್ಟು ಥರ್ಮಾಮೀಟರ್ ಪ್ರಕಾರ ನಡೆಯಿರಿ. ಯಂತ್ರ ಅಷ್ಟು ಒತ್ತಡಕ್ಕೆ ಹೋಗದಿದ್ದರೆ ಬಯೋಮೆಡಿಕಲ್ ಎಂಜಿನಿಯರ್‌ನ ಕರೆಸಿ. ಸೇಫ್ಟಿ ವಾಲ್ವ್‌ನ ನೀವಾಗೇ ಬಿಗಿ ಮಾಡುವುದು, ಅದರ ಮೇಲೆ ಭಾರ ಇಡುವುದು ಖಂಡಿತಾ ಬೇಡ. ಜೀವಕ್ಕೆ ಅಪಾಯ.

ಪ್ಯಾಕ್ ಒದ್ದೆ ಬಂದರೆ

ಒದ್ದೆ ಪ್ಯಾಕ್ ಸ್ಟೆರೈಲ್ ಅಲ್ಲ. ಒಳಗಿನ ಪಟ್ಟಿ ಬದಲಾಗಿದ್ದರೂ ಅಲ್ಲ. ಒದ್ದೆ ಬಟ್ಟೆಯ ಮೂಲಕ ಹೊರಗಿನ ಕ್ರಿಮಿ ಒಳಗೆ ಇಳಿಯುತ್ತದೆ. ಮತ್ತೆ ಹೊಸದಾಗಿ ಸುತ್ತಿ ಮಾಡಲೇಬೇಕು.

ಕಾರಣ ಸಾಮಾನ್ಯವಾಗಿ ನಮ್ಮ ಅವಸರ. ಒತ್ತಡ ಸೊನ್ನೆಗೆ ಇಳಿದ ಮೇಲೆ ಮುಚ್ಚಳ ಸ್ವಲ್ಪ ಸರಿಸಿ ಕಾಲು ಗಂಟೆ ಹಾಗೇ ಬಿಡಿ, ಪ್ಯಾಕಿನ ಬಿಸಿಗೇ ಅದು ಒಣಗುತ್ತದೆ. ಬಿಸಿ ಡ್ರಮ್‌ನ ತಣ್ಣನೆಯ ಸ್ಟೀಲ್ ಟೇಬಲ್ ಮೇಲೆ ಇಡಬೇಡಿ. ತಳದಲ್ಲಿ ಬೆವರು ಕಟ್ಟುತ್ತದೆ. ತಂತಿ ರ‍್ಯಾಕ್ ಇದ್ದರೆ ಅದರ ಮೇಲೆ, ಇಲ್ಲದಿದ್ದರೆ ದಪ್ಪ ಮಡಿಕೆ ಬಟ್ಟೆಯ ಮೇಲೆ. ಇವೆರಡೂ ಸರಿಯಿದ್ದೂ ಒದ್ದೆ ಬರುತ್ತಿದ್ದರೆ ನೀರಿನ ಮಟ್ಟ ಜಾಸ್ತಿಯಾಗಿ ಕುದಿಯುವ ನೀರು ಡ್ರಮ್ಮಿಗೆ ಎರಚುತ್ತಿರಬಹುದು.

ಎರಡು ಪದರ ಬಟ್ಟೆ ಸುತ್ತಿದ ಪ್ಯಾಕ್ ಒಣಗಿದ್ದು, ಹರಿಯದೆ ಇದ್ದರೆ ಏಳು ದಿನ ಇಡಬಹುದು. ತೆರೆದ ಡ್ರಮ್ 24 ಗಂಟೆ ಮಾತ್ರ.

ಕಲೆ ಕಂಡರೆ

ಕಲೆಯನ್ನು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಉಗುರಿನಿಂದ ಕೆರೆದು ನೋಡಿ. ಕೈಗೆ ಗ್ಲೌಸ್ ಇರಲಿ.

ಸ್ಕ್ರೂ ಸಂದಿಯಲ್ಲಿ, ಕೀಲಿನ ಬುಡದಲ್ಲಿ ಕಂದು ಬಣ್ಣ ಕೂತಿದ್ದು, ಕೆರೆದರೆ ಪುಡಿಯಾಗಿ ಬಂದರೆ ಅದು ಒಣಗಿದ ರಕ್ತ ಅಥವಾ ಸ್ರಾವ. ಆ ಸ್ಪೆಕ್ಯುಲಮ್ ಎಷ್ಟು ಸಲ ಆಟೋಕ್ಲೇವ್ ಆಗಿದ್ದರೂ ಶುದ್ಧ ಅಲ್ಲ. ಕೊಳೆಯ ಅಡಿಯಲ್ಲಿ ಕ್ರಿಮಿ ಬೆಚ್ಚಗೆ ಕೂತಿರುತ್ತದೆ, ಹಬೆ ಅದನ್ನು ಮುಟ್ಟುವುದಿಲ್ಲ. ಹಾಗಾದರೆ ದೋಷ ಇರುವುದು ಸಿಂಕ್‌ನಲ್ಲಿ, ಯಂತ್ರದಲ್ಲಿ ಅಲ್ಲ. ಬಳಸಿದ ಮೇಲೆ ಒಣಗಲು ಬಿಡದೆ ತೊಳೆಯಬೇಕು. ಮೊದಲೇ ಬಿಸಿನೀರು ಹಾಕಬೇಡಿ, ರಕ್ತ ಹೆಪ್ಪುಗಟ್ಟಿ ಅಂಟಿಕೊಳ್ಳುತ್ತದೆ. ತಣ್ಣೀರು ಅಥವಾ ಉಗುರು ಬೆಚ್ಚಗಿನ ನೀರು, ಡಿಟರ್ಜೆಂಟ್, ಮೆತ್ತನೆಯ ಬ್ರಷ್. ಬ್ರಷ್ ನೀರಿನೊಳಗೇ ಆಡಿಸಿ, ಇಲ್ಲದಿದ್ದರೆ ಹನಿ ಮುಖಕ್ಕೆ ಹಾರುತ್ತದೆ. ಸ್ಕ್ರೂ ಪೂರ್ತಿ ಬಿಚ್ಚಿ ಅದರ ಹಲ್ಲುಗಳನ್ನು ಉಜ್ಜಬೇಕು. ತೊಳೆಯುವ ಆಯಾ ಅಮ್ಮನಿಗೆ ದಪ್ಪ ಗ್ಲೌಸು, ಏಪ್ರನ್, ಕನ್ನಡಕ ಕೊಡಿಸುವುದು ನಮ್ಮ ಜವಾಬ್ದಾರಿ. ತೆಳು ಪರೀಕ್ಷಾ ಗ್ಲೌಸ್ ಹಾಕಿಸಿ ವಾಲ್ಸೆಲಮ್ ತೊಳೆಸಬೇಡಿ, ಅದರ ಹಲ್ಲು ಚುಚ್ಚುತ್ತದೆ.

ಜಿಡ್ಡಿನ ಪೊರೆ ಕಂಡರೆ ಯಾರೋ ವ್ಯಾಸಲಿನ್ ಅಥವಾ ಪ್ಯಾರಾಫಿನ್ ಬಳಸಿದ್ದಾರೆ. ಎಣ್ಣೆ ಜಿಡ್ಡಿನ ಕೆಳಗೆ ಹಬೆ ಇಳಿಯುವುದಿಲ್ಲ. ನೀರಿನಲ್ಲಿ ಕರಗುವ ಜೆಲ್ಲಿ ಮಾತ್ರ ಬಳಸಿ.

ಕೆಂಪು ತುಕ್ಕು, ಸಣ್ಣ ಸಣ್ಣ ಗುಳಿ ಇದ್ದರೆ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಜಾಸ್ತಿ ಹೊತ್ತು ಬಿದ್ದಿದೆ. ನಮ್ಮ ಬಹಳಷ್ಟು ಆಸ್ಪತ್ರೆಗಳಲ್ಲಿ ಒಂದು ಲೀಟರ್ ನೀರಿಗೆ 15 ಗ್ರಾಂ, ಅಂದರೆ ಮೂರು ಸಮ ಟೀ ಚಮಚ ಪೌಡರ್ ಹಾಕಿ 0.5% ದ್ರಾವಣ ಮಾಡಿ 10 ನಿಮಿಷ ಇಡುವ ಪದ್ಧತಿ ಇದೆ. ವಿಶ್ವ ಆರೋಗ್ಯ ಸಂಸ್ಥೆಯ 2016ರ ಕೈಪಿಡಿ ತೊಳೆಯುವ ಮುಂಚೆ ಹೀಗೆ ನೆನೆಸುವುದು ಬೇಡ, ನೇರವಾಗಿ ತೊಳೆಯಿರಿ ಅನ್ನುತ್ತದೆ. ನಿಮ್ಮಲ್ಲಿ ಯಾವ ನಿಯಮ ಇದೆಯೋ ಅದರಂತೆ ಮಾಡಿ. ನೆನೆಸುವುದಾದರೆ 10 ನಿಮಿಷಕ್ಕೆ ತೆಗೆಯಲೇಬೇಕು, ರಾತ್ರಿಯಿಡೀ ಬಿಡಬಾರದು. ಗುಳಿ ಬಿದ್ದ ಸ್ಪೆಕ್ಯುಲಮ್ ತೊಳೆದರೂ ಶುದ್ಧವಾಗುವುದಿಲ್ಲ, ಪೊರೆಯನ್ನೂ ಗೀರುತ್ತದೆ. ಅದನ್ನು ಬಳಕೆಯಿಂದ ತೆಗೆದುಹಾಕಿ, ಹೊಸದಕ್ಕೆ ಬೇಡಿಕೆ ಬರೆದು ಕೊಡಿ.

ಬಿಳಿ ಚುಕ್ಕೆ ಅಂದರೆ ಬೋರ್‌ವೆಲ್ಲಿನ ಗಡಸು ನೀರು. ಸ್ಪೆಕ್ಯುಲಮ್ಮಿಗೆ ಅಷ್ಟೇನೂ ತೊಂದರೆ ಇಲ್ಲ. ಆದರೆ ಆಟೋಕ್ಲೇವ್ ಹೀಟರ್ ಮೇಲೂ ಅದೇ ಬಿಳಿ ಪದರ ಕಟ್ಟುತ್ತಿರುತ್ತದೆ. ಯಂತ್ರಕ್ಕೆ ಡಿಸ್ಟಿಲ್ಡ್ ನೀರು ಅಥವಾ ಆರ್‌ಓ ನೀರು ಹಾಕಿ.

ಪಟ್ಟಿ ಸರಿ, ಆದರೆ ಕೆಲಸ ತಪ್ಪು

ಶಿಬಿರಕ್ಕೆ 40 ಜನ ಬರುತ್ತಾರೆ, ಸ್ಪೆಕ್ಯುಲಮ್ ಇರುವುದು 15. ಮಧ್ಯಾಹ್ನದ ಹೊತ್ತಿಗೆ ಸ್ಟೆರೈಲ್ ಪ್ಯಾಕ್ ಮುಗಿಯುತ್ತವೆ. ಆಗ ಒಬ್ಬರು ಸ್ಪಿರಿಟ್ ಬಾಟಲಿ ತೆಗೆಯುತ್ತಾರೆ. ಸ್ಪೆಕ್ಯುಲಮ್ ತೊಳೆದು, ಸ್ಪಿರಿಟ್ ಒರೆಸಿ, ಮುಂದಿನವರಿಗೆ. ಇದನ್ನು ಕಣ್ಣಾರೆ ನೋಡಿದ್ದೇನೆ.

ದಯವಿಟ್ಟು ಹೀಗೆ ಮಾಡಬೇಡಿ. ಗರ್ಭಕೊರಳಿನ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ಸಿಗೆ ಹೊರಗೆ ಕೊಬ್ಬಿನ ಕವಚ ಇಲ್ಲ. ಸ್ಪಿರಿಟ್ ಕೆಲಸ ಮಾಡುವುದು ಮುಖ್ಯವಾಗಿ ಅಂಥ ಕವಚ ಇರುವ ವೈರಸ್ಸುಗಳ ಮೇಲೆ. ಪ್ರಯೋಗಾಲಯದ ಕೆಲವು ಪರೀಕ್ಷೆಗಳಲ್ಲಿ ಎಚ್‌ಪಿವಿ ಸ್ಪಿರಿಟ್ಟಿಗೂ ಬಗ್ಗಲಿಲ್ಲ, ಉಪಕರಣ ನೆನೆಸುವ ಗ್ಲುಟರಾಲ್ಡಿಹೈಡ್ ದ್ರಾವಣಕ್ಕೂ ಬಗ್ಗಲಿಲ್ಲ. ಕ್ಯಾನ್ಸರ್ ಇದೆಯಾ ಅಂತ ನೋಡಲು ಬಂದ ಹೆಂಗಸಿಗೆ ಪಕ್ಕದವರ ವೈರಸ್ ಹತ್ತಬಾರದು. ಸ್ಪೆಕ್ಯುಲಮ್ ಎಷ್ಟಿದೆಯೋ ಅಷ್ಟೇ ಜನರ ಹೆಸರು ಬರೆಯಿರಿ. ಉಳಿದವರಿಗೆ ಬೇರೆ ದಿನ ಕೊಡಿ, ಇಲ್ಲವೇ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಸ್ಪೆಕ್ಯುಲಮ್ ತರಿಸಿ. ಆ ಪ್ಲಾಸ್ಟಿಕ್ಕಿನದನ್ನು ತೊಳೆದು ಮತ್ತೆ ಬಳಸಬಾರದು.

ಯಂತ್ರ ಕೆಟ್ಟೇ ಹೋಗಿದ್ದರೆ ಸ್ಪೆಕ್ಯುಲಮ್‌ಗೆ ಕುದಿಸುವ ದಾರಿ ಇದೆ. ಚೆನ್ನಾಗಿ ತೊಳೆದು, ಬಿಡಿಸಿ, ಪೂರ್ತಿ ಮುಳುಗುವಷ್ಟು ನೀರು ಹಾಕಿ. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ 20 ನಿಮಿಷ. ನಡುವೆ ಇನ್ನೊಂದು ಉಪಕರಣ ಹಾಕಿದರೆ ಎಣಿಕೆ ಮತ್ತೆ ಮೊದಲಿಂದ. ಕುದಿಸುವುದರಿಂದ ಬೀಜಾಣು, ಅಂದರೆ ಗಟ್ಟಿ ಕವಚದೊಳಗೆ ಅಡಗಿರುವ ಬ್ಯಾಕ್ಟೀರಿಯಾ, ಸಾಯುವುದಿಲ್ಲ. ಆದ್ದರಿಂದ ಯುಟೆರೈನ್ ಸೌಂಡ್, ವಾಲ್ಸೆಲಮ್ ಇವಕ್ಕೆ ಇದು ಸಾಲದು. ಆಟೋಕ್ಲೇವ್ ಇಲ್ಲದ ದಿನ ವಂಕಿ ಹಾಕುವ ಕೆಲಸ ಮುಂದಕ್ಕೆ ಹಾಕಿ, ಅಥವಾ ಪಕ್ಕದ ಆಸ್ಪತ್ರೆಯಿಂದ ಸ್ಟೆರೈಲ್ ಸೆಟ್ ತರಿಸಿ.

ಈಗಾಗಲೇ ಬಳಸಿಬಿಟ್ಟಿದ್ದರೆ

ಪಟ್ಟಿ ನೋಡುವ ಮುಂಚೆಯೇ ಆ ಡ್ರಮ್ಮಿನ ಸ್ಪೆಕ್ಯುಲಮ್ ಒಬ್ಬರಿಗೆ ಬಳಸಿಯಾಗಿತ್ತು ಅನ್ನಿ. ಮುಚ್ಚಿಡಬೇಡಿ. ಡಾಕ್ಟರ್ ಮೇಡಂಗೆ ಆಗಲೇ ಹೇಳಿ. ಯಾರಿಗೆ, ಯಾವ ಪ್ಯಾಕ್, ಯಾವ ಲೋಡ್ ಅಂತ ಬರೆದಿಡಿ. ಮುಂದೇನು ಪರೀಕ್ಷೆ ಬೇಕು ಅನ್ನುವುದನ್ನು ವೈದ್ಯರು ತೀರ್ಮಾನಿಸುತ್ತಾರೆ. ಆ ಹೆಂಗಸಿಗೂ ವಿಷಯ ಗೊತ್ತಾಗಬೇಕು. ಜ್ವರ, ಕೆಳಹೊಟ್ಟೆ ನೋವು, ವಾಸನೆಯ ಬಿಳಿ ಸೆರಗು ಕಂಡರೆ ಕೂಡಲೇ ಬನ್ನಿ ಅಂತ ಅವರಿಗೆ ಅರ್ಥವಾಗುವ ಹಾಗೆ ಹೇಳಬೇಕು. ನಮ್ಮ ತಪ್ಪಿಗೆ ಅವರು ಕತ್ತಲಲ್ಲಿ ಇರುವುದು ಸರಿಯಲ್ಲ.

ಯಂತ್ರ ಮತ್ತೆ ಬಳಸುವ ಮುಂಚೆ

ರಿಪೇರಿ ಆಯಿತು ಅಂತ ಮೆಕ್ಯಾನಿಕ್ ಹೇಳಿದರೆ ಸಾಲದು. ಎಂದಿನಷ್ಟೇ ತುಂಬಿ, ಹಬೆ ತಲುಪುವುದು ಎಲ್ಲಿ ಕಷ್ಟವೋ ಅಲ್ಲಿ, ಅಂದರೆ ಡ್ರಮ್ಮಿನ ನಟ್ಟನಡುವೆ ಪಟ್ಟಿ ಇಟ್ಟು ಓಡಿಸಿ. ಜೊತೆಗೆ ಬೀಜಾಣು ಪರೀಕ್ಷೆ ಮಾಡಿಸಿ. ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಅನ್ನುವ, ಬಿಸಿಗೆ ಸುಲಭಕ್ಕೆ ಸಾಯದ ಬ್ಯಾಕ್ಟೀರಿಯಾದ ಬೀಜಾಣು ಇರುವ ಸಣ್ಣ ಸೀಸೆ ಬರುತ್ತದೆ. ಲೋಡ್ ಜೊತೆ ಇಟ್ಟು, ಆಮೇಲೆ 55ರಿಂದ 60 ಡಿಗ್ರಿ ಬೆಚ್ಚಗೆ ಇಟ್ಟರೆ, ಬದುಕಿದ್ದರೆ ಬೆಳೆಯುತ್ತದೆ. ಅದೇ ಬ್ಯಾಚಿನ ಇನ್ನೊಂದು ಸೀಸೆಯನ್ನು ಆಟೋಕ್ಲೇವ್ ಮಾಡದೆ ಪಕ್ಕದಲ್ಲಿ ಬೆಚ್ಚಗಿಡಿ. ಅದು ಬೆಳೆಯದಿದ್ದರೆ ಪರೀಕ್ಷೆಗೇ ಅರ್ಥ ಇಲ್ಲ.

ಅವತ್ತು ನಮ್ಮಲ್ಲಿ ಏನಾಗಿತ್ತು ಅಂದರೆ, ಕಾಕ್ ಸರಿ ಇತ್ತು, ಗ್ಯಾಸ್ಕೆಟ್ ಸರಿ ಇತ್ತು. ಶಿಬಿರ ಅಂತ ಡ್ರಮ್ಮಿಗೆ ಎಂದಿಗಿಂತ ಜಾಸ್ತಿ ತುಂಬಿದ್ದೆವು. ಅದೊಂದೇ ಕಾರಣ ಅಂದುಕೊಂಡಿದ್ದೆ. ಆಯಾ ಅಮ್ಮ ಖಾಲಿ ಡ್ರಮ್ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ಇಣುಕಿದರು. "ಸಿಸ್ಟರವ್ವಾ, ಇಲ್ನೋಡಿ, ಬೆಳಕೇ ಬರ್ತಿಲ್ಲ" ಅಂದರು. ಜಾರುವ ಪಟ್ಟಿಗೆ ತುಕ್ಕು ಹಿಡಿದು ಅದು ಅರ್ಧದಲ್ಲೇ ನಿಲ್ಲುತ್ತಿತ್ತು. ಹೊರಗಿನಿಂದ ತೆರೆದಂತೆ ಕಾಣುತ್ತಿತ್ತು. ಒಳಗಿನಿಂದ ನೋಡಿದರೆ ಪ್ರತಿ ತೂತಿನಲ್ಲೂ ಬರಿ ಉಗುರಿನಷ್ಟು ಸಂದಿ.

ಶಿಬಿರ ಎರಡು ದಿನ ಮುಂದಕ್ಕೆ ಹೋಯಿತು. ಬೆಂಚಿನಲ್ಲಿದ್ದವರಿಗೆ ಕಾರಣ ಹೇಳಿ, ಕೈ ಮುಗಿದು ಕಳಿಸಿದೆವು. ಪಟ್ಟಿಯ ತುಕ್ಕು ತಿಕ್ಕಿ, ಸಲೀಸಾಗಿ ಜಾರುವ ಹಾಗೆ ಮಾಡಿಸಿದೆವು. ತೂತು ಪೂರ್ತಿ ತೆರೆದಾಗ ಡ್ರಮ್ ಮೇಲೂ ಪಟ್ಟಿ ಮೇಲೂ ಒಂದೇ ನೇರಕ್ಕೆ ಬರುವಂತೆ ಅರದಿಂದ ಎರಡು ಗೀರು ಹಾಕಿಸಿದೆವು. ಈಗ ಡ್ರಮ್ ಒಳಗಿಡುವವರು ಆ ಎರಡು ಗೀರು ಸೇರಿದೆಯಾ ಅಂತ ಬೆರಳಿಟ್ಟು ನೋಡಿ, ಆಮೇಲೆ ಮುಚ್ಚಳ ಹಾಕುತ್ತಾರೆ.